ಸೋರಿಹೋದ ಮೂವತ್ತಾರು ನಿಮಿಷ

ಶನಿವಾರ ಬೆಳಿಗ್ಗೆ ಅಕ್ಷರಾ ಭದ್ರಾವತಿಯ ಜನ್ನಾಪುರದ ಮನೆಯಲ್ಲಿ ಅಮ್ಮನ ಕೈಯಲ್ಲಿ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಕೂತಿದ್ದಾಗ ಫೋನು ಬಂತು. ಶಿವಮೊಗ್ಗದಿಂದ ವಿಮಲಾ ಆಂಟಿ, ಅವಳ ಗಣಿತದ ಮೇಷ್ಟ್ರ ಹೆಂಡತಿ. ಅವರು ಫೋನು ಮಾಡುವುದೇ ಅಪರೂಪ. ಮಾಡಿದರೂ ತಿಂಡಿ ಆಯ್ತಾ, ಅಮ್ಮನ ಮಂಡಿ ನೋವು ಹೇಗಿದೆ ಎಂದು ಊರೆಲ್ಲ ಸುತ್ತಿಕೊಂಡು ವಿಷಯಕ್ಕೆ ಬರುವವರು. ಇವತ್ತು ಸುತ್ತಲಿಲ್ಲ.

"ಅಕ್ಷರಾ, ನಿಮ್ ಮೇಷ್ಟ್ರು ನಿನ್ನೆಯಿಂದ ಸರಿಯಾಗಿ ಮಾತೇ ಆಡ್ತಿಲ್ಲ ಕಣೇ."

"ಯಾಕಾಂಟಿ, ಹುಷಾರಿಲ್ವಾ?"

"ಮೈಯೆಲ್ಲ ಚೆನ್ನಾಗೇ ಇದೆ. ತಲೆ ಹೋಯ್ತು ಅಂತಾರೆ. ನಂಗೂ ಅಣ್ಣನ ಥರಾನೇ ಆಗ್ತಿದೆ ವಿಮಲಾ, ಅಂತ ಒಂದೇ ಮಾತು. ಸೋಮವಾರ ಡಾಕ್ಟ್ರ ಹತ್ರ ಕರ್ಕೊಂಡು ಹೋಗು ಅಂತ ಮಗನಿಗೆ ಹೇಳಿದಾರೆ. ಟ್ಯೂಶನ್ ಮಕ್ಕಳನ್ನೂ ಇನ್ನು ಬರಬೇಡಿ ಅಂತ ಕಳಿಸಿಬಿಟ್ರು. ಹಲಗೆ ಒರೆಸಿ ಸುಮ್ಮನೆ ಕೂತಿದಾರೆ. ನಂಗೆ ಹೆದರಿಕೆ ಆಗ್ತಿದೆ."

"ಬರ್ತೀನಿ ಆಂಟಿ" ಎಂದಳು ಅಕ್ಷರಾ. ಮೇಷ್ಟ್ರ ತಲೆಗೆ ಈ ಹುಳ ಬಿಟ್ಟದ್ದು ಬೇರೆ ಯಾರೂ ಅಲ್ಲ, ಅವಳೇ.

ಶ್ರೀನಿವಾಸಮೂರ್ತಿ ಭದ್ರಾವತಿಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಶಿವಮೊಗ್ಗದಿಂದ ಬೆಳಗಿನ ರೈಲಿಗೆ ಬಂದು ಸಂಜೆಯ ರೈಲಿಗೆ ವಾಪಸಾಗುತ್ತಿದ್ದರು. ಜನ್ನಾಪುರದ ಅರ್ಧ ಮಕ್ಕಳಿಗೆ ಬೀಜಗಣಿತದ ಭಯ ಬಿಡಿಸಿದವರು. ಆ ಮಕ್ಕಳ ಪೈಕಿ ಅತಿ ಹೆಚ್ಚು ಅತ್ತವಳು ಅಕ್ಷರಾ. ಈಗ ಅವಳು ಶಿವಮೊಗ್ಗದ ಪುಟ್ಟ ಕಂಪನಿಯೊಂದರಲ್ಲಿ ಅಂಗಡಿಗಳಿಗೆ ಬಿಲ್ಲು ಹಾಕುವ ಪ್ರೋಗ್ರಾಂ ಬರೆಯುತ್ತಾಳೆ. ಕಂಪನಿಯಿಂದ ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿರುವ ಮೇಷ್ಟ್ರ ಮನೆಗೆ ನಡೆದೇ ಹೋಗಬಹುದು. ಹಾಗಾಗಿ ವಾರಕ್ಕೊಮ್ಮೆಯಾದರೂ ಅವಳಿಗೆ ಅಲ್ಲಿ ಕಾಫಿ ಇದ್ದದ್ದೇ.

ಮೇಷ್ಟ್ರಿಗೆ ಇನ್ನೊಂದು ಉದ್ಯೋಗವಿತ್ತು, ಸಂಬಳವಿಲ್ಲದ್ದು. ಏಕಾದಶಿ ಯಾವತ್ತು ಎಂದು ಹೇಳುವುದು.

ಕ್ಯಾಲೆಂಡರಿನಲ್ಲಿ ಇರುತ್ತದಲ್ಲ ಎನ್ನಬೇಡಿ. ಇರುತ್ತದೆ, ಅದೇ ತೊಂದರೆ. ಮನೆಯಲ್ಲಿ ಎರಡು ಪಂಚಾಂಗ ನೇತುಹಾಕಿದರೆ ಕೆಲವು ಸಲ ಒಂದೇ ಏಕಾದಶಿ ಎರಡು ಬೇರೆ ದಿನ ಕಾಣುತ್ತದೆ. ನಿಯಮವೇನೋ ಹೇಳುವುದಕ್ಕೆ ಸುಲಭ. ಹತ್ತನೆಯ ತಿಥಿಯಾದ ದಶಮಿ ಮುಗಿದು ಏಕಾದಶಿ ಹಿಡಿದ ದಿನ ಉಪವಾಸ. ಆದರೆ ಸೂರ್ಯ ಹುಟ್ಟುವ ಮುಂಚಿನ ನಾಲ್ಕು ಘಳಿಗೆಯೊಳಗೆ ದಶಮಿ ಎಳ್ಳಷ್ಟು ಉಳಿದಿದ್ದರೂ ಆ ದಿನ ಉಪವಾಸಕ್ಕೆ ಬಾರದು, ಮರುದಿನಕ್ಕೆ ಹೋಗಬೇಕು. ಘಳಿಗೆಯೆಂದರೆ ಇಪ್ಪತ್ನಾಲ್ಕು ನಿಮಿಷ. ಇನ್ನು ಸೂರ್ಯ ಶಿವಮೊಗ್ಗದಲ್ಲಿ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ ಎಂಬುದು ಬೇರೆ ಊರಲ್ಲಿ ಅಚ್ಚಾದ ಪಂಚಾಂಗಕ್ಕೆ ಗೊತ್ತಿರಬೇಕಲ್ಲ. ಮೇಷ್ಟ್ರಿಗೆ ಗೊತ್ತಿತ್ತು. ಬೆರಳು ಮಡಚಿ, ಕಣ್ಣು ಮುಚ್ಚಿ, ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಿದ್ದರು. ಬೀದಿಯ ಮನೆಗಳಿಂದ, ಭದ್ರಾವತಿಯ ಹಳೆಯ ಪರಿಚಯದವರಿಂದ, "ಸಾರ್, ನಾಳೆಯೋ ನಾಡಿದ್ದೋ?" ಎಂದು ಫೋನು ಬರುತ್ತಿತ್ತು. ಮೇಷ್ಟ್ರು ಒಂದು ಮಾತು ಹೇಳಿದರೆ ಮುಗಿಯಿತು, ಅಷ್ಟೂ ಮನೆಗಳಲ್ಲಿ ಅಂದು ಒಲೆ ತಣ್ಣಗೆ.

ಹೋದ ವರ್ಷ ಅವರಿಗೆ ಕಣ್ಣಿನ ಆಪರೇಷನ್ ಆದಾಗ ಅಕ್ಷರಾ ಈ ಲೆಕ್ಕವನ್ನು ಕಂಪ್ಯೂಟರಿಗೆ ಕಲಿಸಿದಳು. ಗುರುದಕ್ಷಿಣೆ ಎಂದು ನಗುತ್ತಾ ಕೊಟ್ಟಳು. ಮೇಷ್ಟ್ರೂ ಮಗುವಿನ ಹಾಗೆ ಖುಷಿಪಟ್ಟರು. ಪ್ರತಿ ಏಕಾದಶಿಗೂ ತಮ್ಮ ಲೆಕ್ಕದ ಜೊತೆ ತಾಳೆ ನೋಡುವರು. ಪ್ರತಿ ಸಲವೂ ಎರಡೂ ಒಂದೇ. ಇತ್ತೀಚೆಗೆ ಅವಳು ಅದನ್ನೇ ಮೇಷ್ಟ್ರ ಮೊಬೈಲಿಗೆ ಹೊಂದುವಂತೆ ಬೇರೊಂದು ಕಂಪ್ಯೂಟರ್ ಭಾಷೆಯಲ್ಲಿ ಬರೆದುಕೊಟ್ಟಿದ್ದಳು. ಅಮ್ಮ ಶಂಕರಮ್ಮ ಆಗಲೇ ಹಾಸ್ಯ ಮಾಡಿದ್ದಳು: "ಅವರ ಉಪವಾಸಕ್ಕೆ ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯ? ನಮ್ದು ಸೋಮವಾರ. ಸೋಮವಾರ ಯಾವತ್ತು ಅಂತ ಯಾರನ್ನೂ ಕೇಳ್ಬೇಕಾಗಿಲ್ಲ."

ನಿನ್ನೆ ಶುಕ್ರವಾರ ಎಡವಟ್ಟಾಯಿತು. ಮೇಷ್ಟ್ರು ಲೆಕ್ಕ ಹಾಕಿ ಏಕಾದಶಿ ಭಾನುವಾರ ಎಂದು ಎಲ್ಲರಿಗೂ ಹೇಳಿ ಆಗಿತ್ತು. ಆಮೇಲೆ ಅಭ್ಯಾಸದಂತೆ ಮೊಬೈಲು ಒತ್ತಿ ನೋಡಿದರೆ ಅದು ಶನಿವಾರ ಎಂದಿತು. ಮತ್ತೆ ಲೆಕ್ಕ ಹಾಕಿದರು, ಭಾನುವಾರವೇ ಬಂತು. ಅಕ್ಷರಾಳಿಗೆ ಫೋನು ಮಾಡಿದರು. ಅವಳ ಎದುರಿಗೆ ಯಾವನೋ ಜವಳಿ ಅಂಗಡಿಯವನು ಬಿಲ್ಲು ಬರುತ್ತಿಲ್ಲವೆಂದು ಹಾರಾಡುತ್ತಿದ್ದ. ಅವಳು ಆ ಗಡಿಬಿಡಿಯಲ್ಲಿ, ನೋಡದೆ ಮಾಡದೆ, ಒಂದು ಮಾತು ಹೇಳಿಬಿಟ್ಟಳು.

"ಮೊಬೈಲು ಹೇಳಿದ್ದೇ ಇಟ್ಕೊಳ್ಳಿ ಸಾರ್. ಮೆಷಿನ್ ಮರೆಯಲ್ಲ."

"ಹೌದಮ್ಮ, ಅದೂ ನಿಜ" ಎಂದು ಮೇಷ್ಟ್ರು ಫೋನು ಇಟ್ಟರು. ಎಲ್ಲರಿಗೂ ಮತ್ತೆ ಫೋನು ಮಾಡಿ ಉಪವಾಸ ಶನಿವಾರವೇ ಎಂದು ತಿದ್ದಿದರು.

ಎಂಥ ಮಾತು ಆಡಿದೆ ಎಂಬುದು ಅವಳಿಗೆ ಈಗ ಹೊಳೆಯುತ್ತಿತ್ತು. ಮೇಷ್ಟ್ರ ಅಣ್ಣ ಇಡೀ ಬೀದಿಗೆ ಜಾತಕ ಬರೆದುಕೊಡುತ್ತಿದ್ದ ವಿದ್ವಾಂಸರು, ಕೊನೆಗಾಲದಲ್ಲಿ ಹೆಂಡತಿಯನ್ನೇ "ಯಾರಮ್ಮ ನೀವು?" ಎಂದು ಕೇಳಿದವರು. ಅವರಲ್ಲಿ ಮೊದಲು ಕೆಟ್ಟದ್ದು ಲೆಕ್ಕ. ಯಾರಾದರೂ ತಿದ್ದಿದರೆ ನಾನೇ ಸರಿ ಎಂದು ಮೇಜು ಕುಟ್ಟುತ್ತಿದ್ದರಂತೆ. ತಮ್ಮನಿಗೆ ಅಂದಿನಿಂದ ಅದೊಂದೇ ಭಯ. ಈಗ ಎಷ್ಟು ಸಲ ಕೂಡಿದರೂ ತಪ್ಪು ಉತ್ತರವೇ ಬರುತ್ತಿದೆ, ಅದೂ ಸರಿ ಎಂದೇ ಗಟ್ಟಿಯಾಗಿ ಅನಿಸುತ್ತಿದೆ ಎಂದರೆ ಆ ಮನುಷ್ಯನಿಗೆ ರಾತ್ರಿ ಹೇಗೆ ನಿದ್ದೆ ಬಂದೀತು?

ಅಕ್ಷರಾ ಎಣ್ಣೆತಲೆಯಲ್ಲೇ ಎದ್ದು ಹಳೆಯ ಲ್ಯಾಪ್‌ಟಾಪ್ ತೆಗೆದಳು. ಮೊದಲು ಬರೆದ ಪ್ರೋಗ್ರಾಂ ಇನ್ನೂ ಅದರಲ್ಲಿತ್ತು. ಈ ಸಲದ ಏಕಾದಶಿ ಕೇಳಿದಳು.

ಭಾನುವಾರ.

ಮೇಷ್ಟ್ರಿಗೆ ಕೊಟ್ಟದ್ದರ ನಕಲು ಅವಳ ಮೊಬೈಲಿನಲ್ಲೂ ಇತ್ತು, ಅದರಲ್ಲಿ ಕೇಳಿದಳು. ಶನಿವಾರ.

ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದಳು. ಒಂದರಿಂದ ಇನ್ನೊಂದಕ್ಕೆ ಲೆಕ್ಕವನ್ನು ಸಾಲು ಸಾಲಾಗಿ ನಕಲು ಮಾಡಿದ್ದವಳು ಅವಳೇ. ಸೂರ್ಯೋದಯ ಎರಡರಲ್ಲೂ ಒಂದೇ. ದಶಮಿ ಮುಗಿಯುವ ಹೊತ್ತೂ ಒಂದೇ, ಸೂರ್ಯ ಹುಟ್ಟುವುದಕ್ಕೆ ಒಂದೂಕಾಲು ಗಂಟೆ ಮುಂಚೆ. ಹಾಗಾದರೆ ಜಗಳ ಎಲ್ಲಿ? ನಾಲ್ಕು ಘಳಿಗೆಯನ್ನು ಗಂಟೆಗೆ ತಿರುಗಿಸುವ ಆ ಒಂದು ಸಾಲಿನಲ್ಲಿ: ತೊಂಬತ್ತಾರನ್ನು ಅರವತ್ತರಿಂದ ಭಾಗಿಸು. 96/60. ಹಳೆಯದರಲ್ಲಿ ಉತ್ತರ 1.6. ಮೊಬೈಲಿನದರಲ್ಲಿ ಉತ್ತರ 1.0.

ಅವಳು ಹಣೆ ಚಚ್ಚಿಕೊಂಡಳು. ನಗು, ಅಳು ಎರಡೂ ಒಟ್ಟಿಗೆ ಬಂದವು.

"ಏನಾಯ್ತೇ?" ಎಂದಳು ಶಂಕರಮ್ಮ.

"ಮೇಷ್ಟ್ರ ತಲೆ ಸರಿ ಇದೆ ಕಣಮ್ಮ! ಕೆಟ್ಟಿದ್ದು ನಂದು!"

"ಅದು ನಂಗೆ ಮೊದಲೇ ಗೊತ್ತಿತ್ತು" ಎಂದು ಶಂಕರಮ್ಮ ಬಾಚಣಿಗೆ ಕೊಟ್ಟಳು. "ಜಡೆ ಹಾಕ್ಕೊಂಡು ಹೋಗು, ಹಿಂಗೇ ಹೋದ್ರೆ ಬಸ್ಸಲ್ಲಿ ನಿನ್ನೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಾರೆ."

ಶಿವಮೊಗ್ಗದ ಬಸ್ಸು ಎಂದಿನಂತೆ ಪ್ರತಿ ಸ್ಟಾಪಿನಲ್ಲೂ ನಿಂತು ನಿಂತು ಹೋಯಿತು. ಫೋನಿನಲ್ಲೇ ಹೇಳಿಬಿಡಬಹುದಿತ್ತು. ಆದರೆ ಫೋನಿನಲ್ಲಿ ಆಡಿದ ಒಂದು ಮಾತು ಇಷ್ಟು ಮಾಡಿದ ಮೇಲೆ ಇನ್ನೊಂದು ಮಾತನ್ನು ಫೋನಿನಲ್ಲಿ ಆಡುವ ಧೈರ್ಯ ಅವಳಿಗಿರಲಿಲ್ಲ.

ಗಾಂಧಿ ಬಜಾರಿನ ಜಂಗುಳಿ ದಾಟಿ ಮನೆ ಹೊಕ್ಕಾಗ ಮೇಷ್ಟ್ರು ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಎದುರಿಗೆ ಟ್ಯೂಶನ್ನಿನ ಕಪ್ಪು ಹಲಗೆ, ಒದ್ದೆ ಬಟ್ಟೆಯಲ್ಲಿ ಒರೆಸಿದ್ದು. ಮುಖ ಒಂದೇ ದಿನದಲ್ಲಿ ಇಳಿದುಹೋಗಿತ್ತು.

"ಬಾಮ್ಮ ಅಕ್ಷರಾ" ಎಂದರು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತು ಆರಿಸಿಕೊಳ್ಳುತ್ತಾ, "ಹತ್ತನೇ ಕ್ಲಾಸು, ಬಿ ಸೆಕ್ಷನ್ನು. ಕಿಟಕಿ ಪಕ್ಕದ ಬೆಂಚು. ಅಪ್ಪ ಷಡಕ್ಷರಪ್ಪ" ಎಂದರು.

ಅವರು ತನ್ನನ್ನು ಮಾತಾಡಿಸುತ್ತಿಲ್ಲ, ತಮ್ಮನ್ನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಾರೆ ಎಂದು ಅವಳಿಗೆ ಅರ್ಥವಾಯಿತು.

"ಸಾರ್, ತಪ್ಪು ನಂದು. ನಿಮ್ಮ ಲೆಕ್ಕಾನೇ ಸರಿ. ಏಕಾದಶಿ ನಾಳೆ."

ಮೇಷ್ಟ್ರ ಮುಖ ಅರಳಲಿಲ್ಲ. ಅವರು ಅವಳ ಕಡೆ ಪ್ರೀತಿಯಿಂದ ನೋಡಿ ತಲೆಯಾಡಿಸಿದರು. "ವಿಮಲಾ ಫೋನ್ ಮಾಡಿದ್ಲು ಅಲ್ವಾ? ಬೇಡಮ್ಮ. ಅಣ್ಣನಿಗೂ ನಾವು ಹಾಗೇ ಹೇಳ್ತಿದ್ವಿ. ಸರಿ ಅಣ್ಣ, ನೀನೇ ಸರಿ, ಊಟಕ್ಕೆ ಏಳು ಅಂತ."

ಅಕ್ಷರಾ ಇದನ್ನು ಎಣಿಸಿರಲಿಲ್ಲ. ತಪ್ಪು ಒಪ್ಪಿಕೊಂಡರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಈಗ ತಾನು ಏನು ಹೇಳಿದರೂ ಅದು ಸಮಾಧಾನದ ಮಾತೇ ಆಗುತ್ತದೆ. ಅಡುಗೆಮನೆಯ ಬಾಗಿಲಲ್ಲಿ ವಿಮಲಾ ಆಂಟಿ ಸೆರಗಿನ ತುದಿ ಹಿಡಿದು ನಿಂತಿದ್ದರು. ಅಕ್ಷರಾ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ಹಲಗೆಯನ್ನು ನೋಡಿದಳು. ಹೋಗಿ ಸೀಮೆಸುಣ್ಣ ತೆಗೆದುಕೊಂಡಳು.

"ಸರಿ ಸಾರ್. ನಾನು ಏನೂ ಹೇಳಲ್ಲ. ನಂಗೊಂದು ಲೆಕ್ಕ ಅರ್ಥ ಆಗ್ತಿಲ್ಲ, ಅದನ್ನ ಹೇಳ್ಕೊಡಿ."

ಹಲಗೆಯ ಮೇಲೆ 96/60 ಎಂದು ಬರೆದಳು. ಪಕ್ಕದಲ್ಲಿ ಒಂದು ಡಬ್ಬಿಯ ಚಿತ್ರ ಬರೆದಳು.

"ಮೊಬೈಲಿನ ಪ್ರೋಗ್ರಾಂ ಬರೆದ ಭಾಷೆಯಲ್ಲಿ ಸಂಖ್ಯೆಗಳು ಎರಡು ಜಾತಿ ಸಾರ್. ಚುಕ್ಕಿ ಇಲ್ಲದೆ ಬರೆದ್ರೆ ಪೂರ್ಣಾಂಕ. ಚುಕ್ಕಿ ಇಟ್ಟು ಬರೆದ್ರೆ ದಶಮಾಂಶ. ಪೂರ್ಣಾಂಕವನ್ನ ಪೂರ್ಣಾಂಕದಿಂದ ಭಾಗಿಸಿದ್ರೆ ಬರೋದೂ ಪೂರ್ಣಾಂಕವೇ. ಶೇಷ ಬಿಸಾಕ್ತದೆ."

"ಸಂಖ್ಯೇಲೂ ಜಾತಿನಾ?" ಎಂದರು ವಿಮಲಾ ಆಂಟಿ ಬಾಗಿಲಿಂದಲೇ.

"ಜಾತಿ ಬದಲಾಯಿಸಬಹುದು ಆಂಟಿ, ಅದೊಂದು ಅನುಕೂಲ ಇದೆ." ಅಕ್ಷರಾ ಡಬ್ಬಿಯನ್ನು ತೋರಿಸಿದಳು. "ಉತ್ತರ ಇಟ್ಕೊಳ್ಳೋ ಈ ಡಬ್ಬಿ ದಶಮಾಂಶದ್ದು ಅಂತ ನಾನು ಮೊದಲೇ ಹೇಳಿದ್ದೆ. ನಾನು ಓದಿದ ಪುಸ್ತಕದಲ್ಲಿ ನಿಯಮ ಹೀಗಿದೆ." ಕೆಳಗೆ ಬರೆದಳು: ಅಗತ್ಯ ಬಿದ್ದಾಗ ಪೂರ್ಣಾಂಕವು ತಾನಾಗಿಯೇ ದಶಮಾಂಶವಾಗುತ್ತದೆ.

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಓದಿದರು. ಹುಬ್ಬು ಗಂಟಿಕ್ಕಿತು. ಅವರ ಕ್ಲಾಸಿನಲ್ಲಿ ಕೂತವರಿಗೆಲ್ಲ ಆ ಹುಬ್ಬಿನ ಪರಿಚಯವುಂಟು. ಅದು ಗಂಟಿಕ್ಕಿದರೆ ಯಾರಿಗೋ ಗ್ರಹಚಾರ.

"ಇದೇನಮ್ಮ ಈ ವಾಕ್ಯ? ಅಗತ್ಯ ಬಿದ್ದಾಗ ಅಂದ್ರೆ ಯಾವಾಗ? ಭಾಗಿಸೋವಾಗಲೋ, ಡಬ್ಬಿಗೆ ಹಾಕೋವಾಗಲೋ?"

ಅಕ್ಷರಾ ಬಾಯಿ ಬಿಡಲಿಲ್ಲ. ಬಿಡದಿರುವುದಕ್ಕೆ ಬಹಳ ಕಷ್ಟಪಟ್ಟಳು.

"ಕೇಳಿದ್ದಕ್ಕೆ ಉತ್ತರ ಕೊಡು."

"ಭಾಗಿಸೋವಾಗಲೇ ಅಂತ ನಾನು ಅಂದ್ಕೊಂಡಿದ್ದೆ ಸಾರ್. ಹಳೆಯ ಭಾಷೆಯಲ್ಲಿ ಹಾಗೇ ನಡೀತಿತ್ತು."

"ನೀನು ಅಂದ್ಕೊಂಡ್ರೆ ಆಯ್ತಾ? ಮೆಷಿನ್ ಏನಂದ್ಕೊಂಡಿದೆ?" ಮೇಷ್ಟ್ರು ಎದ್ದು ನಿಂತರು. ಅವಳ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡರು. "ಎರಡೂ ಮಾಡಿ ನೋಡ್ಬೇಕು. ಮೊದಲು ಜಾತಿ ಬದಲಾಗಿ ಆಮೇಲೆ ಭಾಗಿಸಿದ್ರೆ ಒಂದು ಪಾಯಿಂಟ್ ಆರು. ಸರಿಯಾಗಿ ನಾಲ್ಕು ಘಳಿಗೆ. ಮೊದಲು ಭಾಗಿಸಿ ಆಮೇಲೆ ಬದಲಾದ್ರೆ..."

ಸೀಮೆಸುಣ್ಣ ಹಲಗೆಯ ಮೇಲೆ ನಿಂತಿತು.

"ಒಂದು" ಎಂದರು ಮೇಷ್ಟ್ರು. "ಶೇಷ ಆಗಲೇ ಹೋಗಿಬಿಟ್ಟಿದೆ. ಆಮೇಲೆ ಡಬ್ಬಿ ಎಷ್ಟು ದೊಡ್ಡದಿದ್ರೇನು? ಒಂದೂವರೆ ಸೇರು ಹಾಲನ್ನ ಒಂದು ಸೇರಿನ ಪಾತ್ರೆಗೆ ಸುರಿದು, ಅದನ್ನ ತಗೊಂಡು ಕೊಪ್ಪರಿಗೆಗೆ ಸುರಿದ ಹಾಗೆ. ಚೆಲ್ಲಿದ್ದು ವಾಪಸ್ ಬರ್ತದಾ?" ಅವರ ದನಿ ಏರುತ್ತಾ ಹೋಯಿತು. "ಅಂದ್ರೆ ನಿನ್ನ ಮೆಷಿನ್ ಸೂರ್ಯೋದಯದ ಹಿಂದೆ ಬರೀ ಒಂದು ಗಂಟೆ ನೋಡ್ತಿದೆ. ಈ ಸಲ ದಶಮಿ ಮುಗಿಯೋದು ಒಂದೂಕಾಲು ಗಂಟೆ ಮುಂಚೆ. ಅದರ ಕಣ್ಣಿಗೆ ದಶಮಿ ಬೀಳೋದೇ ಇಲ್ಲ! ಮೂವತ್ತಾರು ನಿಮಿಷ ಸೋರಿಹೋಗಿದೆ ಮಾರಾಯ್ತಿ! ದಶಮಿ ಅಲ್ಲೇ ಕೂತಿತ್ತು, ಆ ಮೂವತ್ತಾರು ನಿಮಿಷದೊಳಗೆ!"

"ಹೌದು ಸಾರ್" ಎಂದಳು ಅಕ್ಷರಾ. ಅವಳ ಕಣ್ಣು ತುಂಬಿ ಹಲಗೆ ಮಸುಕಾಗಿ ಕಾಣುತ್ತಿತ್ತು. "ಇದನ್ನ ನಾನು ಹೇಳಿಲ್ಲ. ನೀವೇ ಕಂಡುಹಿಡಿದ್ರಿ. ನಂಗೆ ಕಂಪ್ಯೂಟರು, ಮೊಬೈಲು ಎರಡೂ ಇಟ್ಕೊಂಡು ಅರ್ಧ ಬೆಳಿಗ್ಗೆ ಬೇಕಾಯ್ತು. ನೀವು ನಿಂತ ನಿಲುವಲ್ಲಿ ಹೇಳಿದ್ರಿ."

ಮೇಷ್ಟ್ರು ಹಲಗೆಯನ್ನು ನೋಡಿದರು. ತಮ್ಮ ಕೈಯನ್ನು ನೋಡಿಕೊಂಡರು, ಬೆರಳಿಗೆ ಮೆತ್ತಿದ ಸುಣ್ಣವನ್ನು ನೋಡಿದರು.

"ಹಾಗಾದ್ರೆ ನನ್ನ ತಲೆ?"

"ಸರಿ ಇದೆ ಸಾರ್."

ಅವರು ಮೆಲ್ಲಗೆ ಕುರ್ಚಿಗೆ ಕುಸಿದರು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ವಿಮಲಾ ಆಂಟಿ ಓಡಿ ಬಂದು ಅವರ ಬೆನ್ನ ಮೇಲೆ ಕೈಯಿಟ್ಟರು. ಐವತ್ತು ವರ್ಷದ ಸಂಸಾರದಲ್ಲಿ ಮೂರನೆಯವರ ಎದುರು ಹೀಗೆ ಕೈಯಿಟ್ಟವರಲ್ಲ. ಮೇಷ್ಟ್ರು ಮುಖ ತೆಗೆದಾಗ ಕೆನ್ನೆಯೆಲ್ಲ ಸುಣ್ಣ ಮತ್ತು ನೀರು, ಬಾಯಲ್ಲಿ ನಗು.

"ಎಂಥ ಒಳ್ಳೇ ತಪ್ಪು ಮಾಡಿದ್ಯಮ್ಮ ಅಕ್ಷರಾ!" ಎಂದರು. "ಆ ಪುಸ್ತಕ ಬರೆದವನು ಸಿಕ್ಕಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತೀನಿ. ಅಗತ್ಯ ಬಿದ್ದಾಗ ಅಂತೆ! ನಮ್ಮ ಧರ್ಮಶಾಸ್ತ್ರದೋರು ವಾಸಿ. ನಾಲ್ಕು ಘಳಿಗೆ ಅಂತ ಬಾಯಿ ಬಿಟ್ಟು ಹೇಳಿದಾರೆ."

"ನಿನ್ನೆ ಫೋನಲ್ಲಿ ನಾನು ಆಡಿದ ಮಾತು..." ಎಂದು ಅಕ್ಷರಾ ಶುರು ಮಾಡಿದಳು.

"ಮೆಷಿನ್ ಮರೆಯಲ್ಲ ಅಂದಿದ್ದು ತಾನೇ? ನಿಜವೇ. ಮರೆಯೋದಕ್ಕೆ ಮೊದಲು ಗೊತ್ತಿರಬೇಕಲ್ಲ" ಎಂದು ಮೇಷ್ಟ್ರು ಗಟ್ಟಿಯಾಗಿ ನಕ್ಕರು. ಹಳೆಯ ಕ್ಲಾಸಿನ ನಗು.

ವಿಮಲಾ ಆಂಟಿಗೆ ಆಗ ಇದ್ದಕ್ಕಿದ್ದಂತೆ ಏನೋ ಹೊಳೆಯಿತು. "ರೀ, ಏಕಾದಶಿ ನಾಳೆ ಅಂದ್ರೆ ಇವತ್ತು ದಶಮಿ ಲೆಕ್ಕ. ಒಂದು ಹೊತ್ತು ಊಟ ಮಾಡಬಹುದು ಅಲ್ವಾ?"

"ಮಾಡಬಹುದು ಅಲ್ಲ, ಮಾಡಬೇಕು."

"ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿದಿಲ್ಲ ಇಬ್ರೂ" ಎನ್ನುತ್ತಾ ಅವರು ಅಡುಗೆಮನೆಗೆ ನುಗ್ಗಿದರು. ಒಲೆ ಹತ್ತಿದ ಸದ್ದು, ಪಾತ್ರೆಗಳ ಸದ್ದು, ಅದರ ನಡುವೆಯೇ ಫೋನಿನಲ್ಲಿ ಮಗನಿಗೆ ಕೂಗಿ ಹೇಳುವುದು ಕೇಳಿತು: "ವಾದಿರಾಜ, ಸೋಮವಾರ ಡಾಕ್ಟ್ರು ಬೇಡ ಕಣೋ! ಏನೂ ಆಗಿಲ್ಲ ಅಪ್ಪಂಗೆ! ಆ ಹುಡುಗಿ ಮೊಬೈಲಿಗೆ ಆಗಿದ್ದು!"

ಅಕ್ಷರಾ ಲ್ಯಾಪ್‌ಟಾಪ್ ಚೀಲದಿಂದ ತೆಗೆದು ಆ ಸಾಲನ್ನು ಹುಡುಕಿ ಮೇಷ್ಟ್ರ ಮುಂದೆ ಹಿಡಿದಳು. ತೊಂಬತ್ತಾರರ ಮುಂದೆ ಒಂದು ಚುಕ್ಕಿ, ಒಂದು ಸೊನ್ನೆ. ಅಷ್ಟು ಇಟ್ಟರೆ ಆ ಸಂಖ್ಯೆ ಮೊದಲೇ ದಶಮಾಂಶವಾಗುತ್ತದೆ, ಅದರ ಸಹವಾಸಕ್ಕೆ ಅರವತ್ತೂ ಆಗುತ್ತದೆ, ಏನೂ ಸೋರುವುದಿಲ್ಲ ಎಂದು ವಿವರಿಸಿದಳು. ಚುಕ್ಕಿಯನ್ನು ಮೇಷ್ಟ್ರೇ ಒತ್ತಿದರು, ಒಂದೇ ಬೆರಳಲ್ಲಿ, ಕಾಗದಕ್ಕೆ ಸಹಿ ಹಾಕುವಷ್ಟು ಗಂಭೀರವಾಗಿ. ಅವಳು ತಿದ್ದಿದ್ದನ್ನು ಮೊಬೈಲಿಗೆ ಹಾಕಿ ಗುಂಡಿ ಒತ್ತಿದಳು. ಭಾನುವಾರ ಎಂದಿತು. ಮೇಷ್ಟ್ರು, "ಈಗ ಬಂತು ದಾರಿಗೆ" ಎಂದು ಮೊಬೈಲಿನ ಬೆನ್ನು ತಟ್ಟಿದರು.

ಅನ್ನ, ತಿಳಿಸಾರು, ಮಜ್ಜಿಗೆ. ಅಷ್ಟೇ ಊಟ. ಮೇಷ್ಟ್ರು ಎರಡು ಸಲ ಬಡಿಸಿಕೊಂಡು ಉಂಡರು. ಅಕ್ಷರಾಳಿಗೂ ಎಲೆ ಹಾಕಿದ್ದರು. ಬೆಳಗಿನ ತಿಂಡಿಯನ್ನೇ ತಾನು ಮರೆತಿದ್ದೆನೆಂದು ಅವಳಿಗೆ ಆಗ ಗೊತ್ತಾಯಿತು. ಬಿಸಿ ಸಾರನ್ನು ಅನ್ನಕ್ಕೆ ಕಲಸಿ ಉಣ್ಣತೊಡಗಿದಳು.

ಕೈ ತೊಳೆದದ್ದೇ ತಡ ಮೇಷ್ಟ್ರು ಫೋನು ಹಿಡಿದರು. ಪಾಪ, ಬೀದಿಯ ಮನೆಗಳಲ್ಲಿ ಜನ ಹಸಿದು ಕೂತಿದ್ದಾರೆ.

"ಯಶೋಧರಾ ಅವರಾ? ನಾನು, ಮೂರ್ತಿ. ಒಲೆ ಹಚ್ಚಿ, ಊಟ ಮಾಡಿ. ಉಪವಾಸ ನಾಳೆ. ಇಲ್ಲ ಇಲ್ಲ, ಇನ್ನು ಬದಲಾಗಲ್ಲ. ನಾನು ಮೊದಲು ಹೇಳಿದ್ದೇ ಸರಿ. ನನ್ನ ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ ರೀ, ಏನೇನೂ ಇರಲಿಲ್ಲ. ನಮ್ಮ ಹುಡುಗಿ, ಅಕ್ಷರಾ ಅಂತ, ಭದ್ರಾವತಿಯವಳು, ಒಂದು ಚುಕ್ಕಿ ಇಡೋದು ಮರೆತಿದ್ಲು."

ಇಟ್ಟರು. ಮುಂದಿನ ಮನೆಗೆ ಮಾಡಿದರು. "ಭದ್ರಾವತಿಯ ಅಕ್ಷರಾ ಅಂತ, ಒಂದು ಚುಕ್ಕಿ..." ಅದರ ಮುಂದಿನ ಮನೆಗೆ. ದನಿ ಒಂದೊಂದು ಮನೆಗೂ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಆಗಲೇ ಹೇಳಿ ಮುಗಿಸಿದ್ದ ಒಬ್ಬರಿಗೆ ಮರೆತು ಮತ್ತೊಮ್ಮೆ ಫೋನು ಮಾಡಿದರು. ಗೊತ್ತಾದಾಗ ಒಂದು ಕ್ಷಣ ತಡೆದು, ವಿಮಲಾ ಆಂಟಿಯ ಕಡೆ ನೋಡಿ, "ಇದು ಬರೀ ಖುಷಿಗೆ ಆಗಿದ್ದು ಕಣೇ" ಎಂದರು. ಆಂಟಿ ಹೂಂ ಎಂದು ನಕ್ಕರು.

ತನ್ನ ಮಾನ ಹೀಗೆ ಶಿವಮೊಗ್ಗದಿಂದ ಭದ್ರಾವತಿಯವರೆಗೆ ಮನೆಮನೆಗೂ ಹರಾಜಾಗುತ್ತಿರುವುದನ್ನು ಅಕ್ಷರಾ ಎಲೆಯ ಮುಂದೆ ಕೂತೇ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಇಷ್ಟು ನಿರಾಳವಾಗಿ ಊಟ ಸೇರಿ ಬಹಳ ದಿನಗಳಾಗಿದ್ದವು.

"ಆಂಟಿ, ಇನ್ನೊಂದು ಸೌಟು ಸಾರು ಹಾಕಿ" ಎಂದಳು.